ವಿಷಲ್ ಮೇಡಂ ಕಲಿಸಿದ ಅರ್ಧ ಪಾಠ

ಮಾಲ್‌ನ ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಯ ಪಕ್ಕದಲ್ಲಿ, ಗೋಡೆಗೆ ಒರಗಿಸಿಟ್ಟ ಹಳೆಯ ಬೋರ್ಡುಗಳ ನಡುವೆ ತರಗತಿ ನಡೆಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತಿದ್ದ ಸೆಕ್ಯುರಿಟಿ ಗಾರ್ಡುಗಳಲ್ಲಿ ಅರ್ಧ ಜನ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರು. ಇನ್ನರ್ಧ ಜನ ಹಗಲು ಪಾಳಿಗೆ ನಿಲ್ಲುವ ಮುಂಚೆ ಒಂದು ಕೋಳಿನಿದ್ದೆ ತೆಗೆದರಾಯಿತು ಎಂದುಕೊಂಡು ಬಂದವರು. ಮುಂದಿನ ಸಾಲಿನಲ್ಲಿದ್ದವನೊಬ್ಬನ ತಲೆ ಮೆಲ್ಲಮೆಲ್ಲಗೆ ಪಕ್ಕದವನ ಹೆಗಲಿಗೆ ವಾಲುತ್ತಿತ್ತು. ಪಾಠ ಮಾಡುತ್ತಿದ್ದ ಹೆಂಗಸು ಮಾತು ನಿಲ್ಲಿಸಿ, ಕೊರಳಲ್ಲಿ ನೇತುಬಿದ್ದಿದ್ದ ಸೀಟಿಯನ್ನು ತುಟಿಗಿಟ್ಟು ಜೀವ ಹೋಗುವಂತೆ ಊದಿದರು.

“ಏಳಿ! ಇದು ನಿಜವಾಗಿದ್ರೆ ಈಗ ನೀವೆಲ್ಲಾ ಎಲ್ಲಿಗೆ ಹೋಗ್ತಿದ್ರಿ?”

ಗಾಬರಿಬಿದ್ದು ಎದ್ದವನು ಬಾಯಿ ಒರೆಸಿಕೊಳ್ಳುತ್ತಾ, “ಟೀ ಕುಡಿಯೋಕೆ ಮೇಡಂ,” ಎಂದ. ಎಲ್ಲರೂ ಹೋ ಎಂದು ನಕ್ಕರು. ಮೇಡಂ ನಗಲಿಲ್ಲ.

ಅವರಿಗೆ ‘ವಿಷಲ್ ಮೇಡಂ’ ಎಂಬ ಹೆಸರು ಬಿದ್ದದ್ದು ಹೀಗೇ. ಹಿಂದೆ ಅವರು ಪೊಲೀಸ್ ಇಲಾಖೆಯ ಬಾಂಬ್ ನಿಷ್ಕ್ರಿಯ ದಳದಲ್ಲಿದ್ದರು. ಮೈಮೇಲೆ ಮಣಭಾರದ ಕವಚ ಹೊತ್ತು, ಬೆವರಿನಲ್ಲಿ ತೊಯ್ದು, ಯಾರೋ ಬಿಟ್ಟುಹೋದ ಚೀಲದ ಮುಂದೆ ಮಂಡಿಯೂರಿ ವಯಸ್ಸಿನ ಬಹುಪಾಲು ಕಳೆದವರು. ಒಮ್ಮೆ ಕಲ್ಲುಕ್ವಾರಿಯೊಂದರಲ್ಲಿ ಹಳೆಯ ಸ್ಫೋಟಕ ನಾಶಮಾಡುವಾಗ ಅದು ಎಣಿಕೆ ಮುಗಿಯುವ ಮೊದಲೇ ಸಿಡಿದು ಎಡಗಿವಿ ಕೆಟ್ಟಿತು. ಇಲಾಖೆ ಅವರನ್ನು ಮೇಜಿನ ಮುಂದೆ ಕೂರಿಸಿತು. ಕೂತು ಕೂತು ತಲೆಕೆಟ್ಟು ಸ್ವಯಂನಿವೃತ್ತಿ ತೆಗೆದುಕೊಂಡರು. ಮನೆಯಲ್ಲಿ ಕೂತರೆ ಅತ್ತೆಯೊಂದಿಗೆ ಟಿವಿ ರಿಮೋಟಿಗೆ ಜಗಳ ಶುರುವಾಗುತ್ತದೆ ಎಂದು ಹೆದರಿ, ಖಾಸಗಿ ಗಾರ್ಡುಗಳಿಗೆ ತರಬೇತಿ ಕೊಡುವ ಕೆಲಸ ಹಿಡಿದರು. ಕಿವಿ ಸರಿಯಿಲ್ಲದ ಕಾರಣ ತಮ್ಮ ದನಿ ಎಷ್ಟು ದೊಡ್ಡದಿದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಸೀಟಿಯಾದರೆ ಆ ಗೊಂದಲವಿಲ್ಲ, ಊದಿದರೆ ಎಲ್ಲರಿಗೂ ಕೇಳುತ್ತದೆ.

ಭಯೋತ್ಪಾದಕರು ದಾಳಿ ಮಾಡುವ ಮುಂಚೆ ಜಾಗ ನೋಡಲು ಬರುತ್ತಾರೆ, ಒಂದಲ್ಲ, ನಾಲ್ಕಾರು ಸಲ ಬರುತ್ತಾರೆ, ಆಗ ಅವರನ್ನು ಗಮನಿಸುವ ಕಣ್ಣು ಗೇಟಿನಲ್ಲಿ ನಿಂತವನದೇ ಆಗಿರುತ್ತದೆ, ದೊಡ್ಡ ಅಧಿಕಾರಿಯದಲ್ಲ ಎಂಬುದು ಅವರ ಪಾಠದ ಮೊದಲ ಮಾತು. ಈ ಮಾತನ್ನು ಅವರು ಮನಸಾರೆ ನಂಬಿದ್ದರು. ಆದರೆ ಗೇಟಿಗೆ ಹೋಗಿ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಲೋಹ ಪತ್ತೆ ಮಾಡುವ ಚೌಕಟ್ಟು ಹಾದುಹೋದ ಪ್ರತಿಯೊಬ್ಬರಿಗೂ ಕುಂಯ್ ಎನ್ನುತ್ತಿತ್ತು, ಅದರತ್ತ ತಿರುಗಿ ನೋಡುವವರೇ ಇರಲಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಗಾರ್ಡುಗಳು ಬೀಸಣಿಗೆಯಂತೆ ಆಡಿಸುತ್ತಿದ್ದರು. ಪಾರ್ಕಿಂಗಿನ ಬಾಯಲ್ಲಿ ಉದ್ದ ಕೋಲಿನ ಕನ್ನಡಿ ಗಾಡಿಯ ಕೆಳಗೆ ಹೋಗಿ ಬರುತ್ತಿತ್ತು. ಅದನ್ನು ಹಿಡಿದವನ ಕಣ್ಣು ಮಾತ್ರ ಡ್ರೈವರನ ಮುಖದ ಮೇಲೆ, ಬಾಯಲ್ಲಿ ‘ನಮಸ್ತೆ ಸಾರ್’.

ಒಂದು ದಿನ ಒಬ್ಬ ಗಾರ್ಡು ಕೈ ಎತ್ತಿ ಕೇಳಿದ, “ಮೇಡಂ, ಗಡ್ಡ ಬಿಟ್ಟವರ ಮೇಲೆ ಕಣ್ಣಿಟ್ರೆ ಸಾಕಲ್ವಾ?”

“ನಿಮ್ಮಪ್ಪನಿಗೆ ಗಡ್ಡ ಇದೆಯಾ?”

“ಇದೆ ಮೇಡಂ.”

“ಹಾಗಾದ್ರೆ ಮೊದಲು ಅವರನ್ನೇ ಹಿಡ್ಕೊಂಡು ಬಾ.” ನಗು ಅಡಗಿದ ಮೇಲೆ ಮೇಡಂ ಮುಂದುವರಿಸಿದರು, “ಗಡ್ಡ ನೋಡ್ಬೇಡಿ, ಬಟ್ಟೆ ನೋಡ್ಬೇಡಿ. ಏನ್ ಮಾಡ್ತಿದ್ದಾರೆ ಅದನ್ನ ನೋಡಿ. ಕೊಳ್ಳೋಕೆ ಬಂದವನು ಅಂಗಡಿ ನೋಡ್ತಾನೆ. ಮೂರು ಸಲ ಬಂದು ಬರೀ ಕ್ಯಾಮೆರಾ, ಕಂಬ, ಬಾಗಿಲು ನೋಡ್ಕೊಂಡು ಹೋಗೋನು ಯಾಕೆ ಬಂದ? ಹೋಗಿ ಮಾತಾಡ್ಸಿ. ಏನ್ ಬೇಕಿತ್ತು ಸಾರ್ ಅನ್ನಿ. ಅಷ್ಟು ಸಾಕು. ಯಾರೂ ತನ್ನನ್ನ ಗಮನಿಸ್ತಿಲ್ಲ ಅನ್ನೋ ಧೈರ್ಯ ಅವನಿಗೆ ಸಿಗಬಾರದು.”

ಅನಾಥವಾಗಿ ಬಿದ್ದ ಚೀಲ ಕಂಡರೆ ಮುಟ್ಟಬಾರದು, ಅಕ್ಕಪಕ್ಕದವರನ್ನು ಕೇಳಬೇಕು, ವಾರಸುದಾರರು ಸಿಗದಿದ್ದರೆ ಜನರನ್ನು ದೂರ ಕಳಿಸಬೇಕು, ಚೀಲದ ಹತ್ತಿರ ನಿಂತು ವಾಕಿಟಾಕಿ ಒತ್ತಬಾರದು, ದೂರ ಹೋಗಿ ತಿಳಿಸಬೇಕು. ಇದನ್ನು ಅವರು ಎಷ್ಟು ಸಲ ಹೇಳಿಸಿದ್ದರೆಂದರೆ ಗಾರ್ಡುಗಳು ಕ್ಯಾಂಟೀನಿನಲ್ಲಿ ಯಾರಾದರೂ ಊಟದ ಡಬ್ಬಿ ಬಿಟ್ಟು ಎದ್ದರೂ “ಮುಟ್ಬೇಡ್ರೋ, ದೂರ ಸರೀರಿ” ಎಂದು ತಮಾಷೆ ಮಾಡುತ್ತಿದ್ದರು.

ಬಾಯಿಪಾಠ ಎಷ್ಟರಮಟ್ಟಿಗೆ ತಲೆಗೆ ಇಳಿದಿದೆ ನೋಡಬೇಕೆಂದು ಮೇಡಂ ಒಂದು ಪರೀಕ್ಷೆ ಇಟ್ಟರು. ಹಳೆಯ ತಗಡಿನ ಡಬ್ಬಿಯೊಳಗೆ ಕೆಟ್ಟ ಅಲಾರಂ ಗಡಿಯಾರ, ಒಂದಿಷ್ಟು ವೈರು, ಟಾರ್ಚಿನ ಸೆಲ್ಲು ತುಂಬಿ ಚೀಲಕ್ಕೆ ಹಾಕಿದರು. ಒಳಗೆ ಒಯ್ಯಲು ಗಂಡನನ್ನು ಕೇಳಿದರು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವರು, ಸೊಳ್ಳೆಯನ್ನು ಹೊಡೆಯಲೂ ಎರಡು ಸಲ ಯೋಚಿಸುವ ಪೈಕಿ. “ನನ್ ಮುಖದಲ್ಲೇ ಕಳ್ಳತನ ಗೊತ್ತಾಗ್ಬಿಡುತ್ತೆ ಕಣೆ,” ಎಂದು ಜಾರಿಕೊಂಡರು. ಪಕ್ಕದಲ್ಲಿ ಕೂತಿದ್ದ ಅತ್ತೆ ರಿಮೋಟು ಕೆಳಗಿಟ್ಟರು.

“ಇಲ್ಲಿ ಕೊಡೇ ನನ್ ಕೈಗೆ. ಮುದುಕೀನ ಯಾರು ತಡೀತಾರೆ?”

ಅತ್ತೆಯ ಮಾತು ಅಕ್ಷರಶಃ ನಿಜವಾಯಿತು. ಮರುದಿನ ಅವರು ಚೀಲ ಹಿಡಿದು ಮುಖ್ಯದ್ವಾರಕ್ಕೆ ಹೋದರು. ಚೌಕಟ್ಟು ಕುಂಯ್ ಎಂದಿತು. ಅಲ್ಲಿದ್ದ ಗಾರ್ಡು, “ಭಾರ ಇದೆಯಾ ಅಜ್ಜಿ? ಕೊಡಿ,” ಎಂದು ಚೀಲವನ್ನು ತಾನೇ ಎತ್ತಿಕೊಂಡು ಲಿಫ್ಟಿನ ತನಕ ಬಂದು, ಗುಂಡಿ ಒತ್ತಿ, “ಹುಷಾರು ಅಜ್ಜಿ,” ಎಂದು ಬೀಳ್ಕೊಟ್ಟ. ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದ ಮೇಡಂಗೆ ಅಲ್ಲೇ ತಲೆ ಚಚ್ಚಿಕೊಳ್ಳುವಂತಾಯಿತು. ಎರಡನೇ ಮಹಡಿಯಲ್ಲಿ, ಸಿನಿಮಾ ಟಿಕೆಟ್ ಕೌಂಟರಿನ ಮುಂದೆ, ಅತ್ತೆ ಬೆಂಚಿನ ಕೆಳಗೆ ಚೀಲ ತಳ್ಳಿ ಎದ್ದು ಹೊರಟರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳಿಸಿತು.

“ಅಜ್ಜೀ, ನಿಮ್ ಚೀಲ.”

ಅತ್ತೆ ಕೇಳಿಸದವರಂತೆ ನಡೆದರು. ಅವನು ಓಡಿಬಂದು ಎದುರು ನಿಂತ. “ಅದು ನಿಮ್ದೇ ತಾನೇ? ಒಳಗೇನಿದೆ ಅಂತ ಹೇಳ್ಬಹುದಾ? ತಪ್ಪು ತಿಳ್ಕೋಬೇಡಿ, ಎಲ್ಲರನ್ನೂ ಕೇಳ್ತೀನಿ.”

ಅವನು ಎತ್ತರಕ್ಕೆ ‘ಲಂಬು’ ಎಂದೇ ಹೆಸರಾದ ಗಾರ್ಡು. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾಗಿದ್ದ, ಸಮವಸ್ತ್ರದ ಪ್ಯಾಂಟು ಎಂದೂ ಕಣಕಾಲು ಮುಟ್ಟದ, ಮಾತು ಕಡಿಮೆಯ ಆಳು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಹಾಸಿಗೆ ಹಿಡಿದ ತಂದೆ. ತರಗತಿಯಲ್ಲಿ ಎಂದೂ ಪ್ರಶ್ನೆ ಕೇಳಿದವನಲ್ಲ. ಅಂದು ಅತ್ತೆ ಮನೆಗೆ ಬಂದು, “ಆ ಉದ್ದದೋನು ಒಬ್ಬ ಮನುಷ್ಯ. ಮಿಕ್ಕೋರೆಲ್ಲ ಬಟ್ಟೆ ನೇತುಹಾಕೋ ಗೂಟ,” ಎಂದು ತೀರ್ಪು ಕೊಟ್ಟರು.

ಮಾಲ್‌ನ ಮ್ಯಾನೇಜರನಿಗೆ ಈ ಪರೀಕ್ಷೆಯ ಸುದ್ದಿ ಸಂಜೆಯೊಳಗೆ ಮುಟ್ಟಿತು. ಫೋನಿನಿಂದ ಕಣ್ಣೆತ್ತದೆ ಮಾತಾಡುವ ಆ ಮನುಷ್ಯ ಅಂದು ಕಣ್ಣೆತ್ತಿಯೇ ಮಾತಾಡಿದ.

“ಮೇಡಂ, ನಿಮ್ ಮನೆಯವರ ಕೈಲಿ ಅಂಥ ಡಬ್ಬಿ ಕೊಟ್ಟು ಒಳಗೆ ಕಳಿಸೋದು ಅಂದ್ರೆ ಏನು? ಯಾರಾದ್ರೂ ಗಿರಾಕಿ ನೋಡಿ ಕಿರುಚ್ಕೊಂಡಿದ್ರೆ?”

“ಗೇಟಲ್ಲಿ ಯಾರೂ ನೋಡ್ಲಿಲ್ಲ ಅನ್ನೋದೇ ನನ್ ತಕರಾರು ಸಾರ್.”

“ನಿಮಗೆ ಒಪ್ಪಿಸಿರೋದು ಟ್ರೈನಿಂಗು. ಅದನ್ನ ಮುಗಿಸ್ಕೊಡಿ, ಸಾಕು.”

“ಮುಗೀಬೇಕಾದ್ರೆ ಇನ್ನೂ ಅರ್ಧ ಬಾಕಿ ಇದೆ. ಚೀಲ ಗುರುತಿಸೋದು ಒಂದು ಭಾಗ. ಜನರನ್ನ ಹೊರಗೆ ಕರ್ಕೊಂಡು ಹೋಗೋದು ಇನ್ನೊಂದು. ಅಂಗಡಿಯವರನ್ನೂ ಸೇರಿಸ್ಕೊಂಡು ಒಂದ್ಸಲ ಇಡೀ ಕಟ್ಟಡ ಖಾಲಿ ಮಾಡಿ ನೋಡ್ಬೇಕು. ಮತ್ತೆ ಎರಡನೇ ಮಹಡಿ ತುರ್ತು ಬಾಗಿಲಿಗೆ ಸರಪಳಿ ಹಾಕಿ ಬೀಗ ಜಡಿದಿದ್ದೀರ, ಮುಂದೆ ಮೊಬೈಲ್ ಕವರಿನ ಅಂಗಡಿ ಇಟ್ಟಿದ್ದೀರ.”

“ಸರಪಳಿ ಹಾಕ್ದೇ ಇದ್ರೆ ಕೆಲಸದ ಹುಡುಗ್ರು ಮೆಟ್ಟಿಲ ಮೇಲೆ ಸಿಗರೇಟು ಸೇದ್ತಾ ಕೂರ್ತಾರೆ. ಅಂಗಡಿ ಬಾಡಿಗೆ ಕೊಡುತ್ತೆ. ಖಾಲಿ ಮಾಡೋ ವಿಚಾರ ಮುಂದಿನ ತಿಂಗಳು ನೋಡೋಣ, ಈಗ ಸೇಲ್ ನಡೀತಿದೆ.”

ಮುಂದಿನ ತಿಂಗಳು ಮಕ್ಕಳ ರಜೆ ಬಂತು. ಅದರ ಮುಂದಿನ ತಿಂಗಳು ಹೊಸ ಸಿನಿಮಾ ಬಂತು. ಗಾರ್ಡುಗಳ ಏಜೆನ್ಸಿಯ ಮಾಲೀಕ ದಿನಾ ಫೋನು ಮಾಡಿ, “ಮೇಡಂ, ಒಂದು ಸಹಿ ಹಾಕ್ಬಿಡಿ, ಸರ್ಟಿಫಿಕೇಟ್ ಗೋಡೆಗೆ ತೂಗುಹಾಕ್ಬೇಕಂತೆ,” ಎಂದು ಪ್ರಾಣ ತಿಂದ. ಮೇಡಂ ಒಂದು ವಾರ ಹಲ್ಲು ಕಚ್ಚಿ ತಡೆದರು. ಹಠ ಮಾಡಿದರೆ ಈ ಕಾಂಟ್ರಾಕ್ಟನ್ನು ವಿಡಿಯೋ ತೋರಿಸಿ ಕೈತೊಳೆದುಕೊಳ್ಳುವ ಬೇರೆ ಯಾರಿಗೋ ಕೊಡುತ್ತಾರೆ, ಆಗ ಈ ಅರ್ಧವೂ ಇರುವುದಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಕೊನೆಗೆ ಸಹಿ ಹಾಕಿದರು. ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಆ ಕಾಗದ ಮಾಹಿತಿ ಕೌಂಟರಿನ ಹಿಂದೆ ರಾರಾಜಿಸಿತು.

ಆಮೇಲೆ ಒಂದು ಭಾನುವಾರ ಮಧ್ಯಾಹ್ನ. ಮನೆಯಲ್ಲಿ ಊಟವಾಗಿ ತಟ್ಟೆ ಎತ್ತುವಾಗ ಮೇಡಂ ಫೋನು ರಿಂಗಾಯಿತು. ಬಲಗಿವಿಗೆ ಹಿಡಿದರು.

“ಮೇಡಂ, ನಾನು ಲಂಬು. ಚೀಲ ಸಿಕ್ಕಿದೆ. ಮುಟ್ಟಿಲ್ಲ. ಎಲ್ಲರನ್ನೂ ಹೊರಗೆ ಕಳಿಸ್ತಾ ಇದ್ದೀನಿ. ಪೊಲೀಸರಿಗೆ ಹೇಳಿದ್ದೀನಿ.” ಹಿಂದೆ ಗದ್ದಲವೋ ಗದ್ದಲ. ಅವನು ಏದುಸಿರು ಬಿಡುತ್ತಿದ್ದ, ಆದರೆ ಮಾತು ಕಲಿಸಿದ ಕ್ರಮದಲ್ಲೇ ಬರುತ್ತಿತ್ತು.

“ನೀನು ಎಷ್ಟು ದೂರ ಇದ್ದೀಯಾ?”

“ಮೂಲೆ ತಿರುಗಿ ಗೋಡೆ ಹಿಂದೆ ಇದ್ದೀನಿ ಮೇಡಂ.”

“ಅಲ್ಲೇ ಇರು. ಬಂದೆ.”

ಗಂಡ ಸ್ಕೂಟರು ತೆಗೆದರು. ಬೀದಿ ತುಂಬ ಜನ. ಪಾಪ್‌ಕಾರ್ನ್ ಕೈಯಲ್ಲಿ ಹಿಡಿದೇ ಓಡಿಬಂದವರು, ಒಂದು ಕಾಲಿಗೆ ಹೊಸ ಚಪ್ಪಲಿ ಇನ್ನೊಂದಕ್ಕೆ ಹಳೆಯದು ಹಾಕಿಕೊಂಡ ಹುಡುಗಿ, ಬಿಲ್ಲು ಕಟ್ಟದೆ ಬಂದೆನಲ್ಲ ಎಂದು ಪೇಚಾಡುವ ಮುದುಕರು. ದಳದ ಗಾಡಿ ಆಗಲೇ ಬಂದಿತ್ತು. ನಾಯಿ ಒಳಗೆ ಹೋಗಿತ್ತು. ಅವರ ಹಳೆಯ ಸಹೋದ್ಯೋಗಿಯೊಬ್ಬ ಹೊರಗೆ ಬಂದು ಹೆಲ್ಮೆಟ್ಟು ತೆಗೆಯುವ ತನಕ ಮೇಡಂ ಬಾಗಿಲಿನಿಂದ ಕಣ್ಣು ಕೀಳಲಿಲ್ಲ.

ಚೀಲದಲ್ಲಿದ್ದದ್ದು ಒಂದು ಕ್ಷೌರದ ಯಂತ್ರ, ಅದರ ವೈರು, ಕತ್ತರಿಗಳು, ಬಾಚಣಿಗೆ, ಪೌಡರ್ ಡಬ್ಬಿ. ಮನೆಮನೆಗೆ ಹೋಗಿ ಕೂದಲು ಕತ್ತರಿಸುವ ಕ್ಷೌರಿಕನೊಬ್ಬ ಟಿಕೆಟ್ ತೆಗೆದುಕೊಳ್ಳುವ ಆತುರದಲ್ಲಿ ಬೆಂಚಿನ ಕೆಳಗೆ ಬಿಟ್ಟು ಸಿನಿಮಾ ನೋಡಲು ಕೂತಿದ್ದ. ಎಲ್ಲರ ಜತೆ ಅವನೂ ಓಡಿ ಹೊರಗೆ ಬಂದು, ಬಾಂಬಿರುವ ಚೀಲ ಯಾರದೋ ಎಂದು ಬೈಯುತ್ತ ನಿಂತಿದ್ದ. ತನ್ನದೇ ಎಂದು ಗೊತ್ತಾದಾಗ ನೆಲಕ್ಕೆ ಕುಸಿದು, “ಕತ್ತರಿ ಸಾರ್, ಬರೀ ಕತ್ತರಿ,” ಎಂದು ಅಳತೊಡಗಿದ.

“ನಿಮ್ ಹುಡುಗ ಒಂದಿಂಚೂ ತಪ್ಪು ಮಾಡಿಲ್ಲ ಮೇಡಂ,” ಎಂದ ಹಳೆಯ ಸಹೋದ್ಯೋಗಿ. “ವೈರು ಹೊರಗೆ ಇಣುಕ್ತಾ ಇತ್ತು. ನಾನಾಗಿದ್ರೂ ಖಾಲಿ ಮಾಡಿಸ್ತಿದ್ದೆ.”

ಮೇಡಂಗೆ ಹೆಮ್ಮೆಯಿಂದ ಎದೆಯುಬ್ಬಿತು. ಅದು ಉಬ್ಬಿದಷ್ಟೇ ಬೇಗ ಇಳಿಯಿತು. ಆಂಬುಲೆನ್ಸಿನ ಹಿಂಬಾಗಿಲಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕುಳಿತಿದ್ದಳು. ಮಣಿಕಟ್ಟು ತಿರುಚಿಕೊಂಡು ಊದಿತ್ತು.

ಒಳಗೆ ನಡೆದದ್ದನ್ನು ಲಂಬು ಆಮೇಲೆ ಹೇಳಿದ. ಮೊದಲು ಎಲ್ಲ ಸರಿಯಾಗಿಯೇ ಇತ್ತು. ಅವನು ಬೆಂಚಿನ ಸುತ್ತ ಇದ್ದವರನ್ನೆಲ್ಲ ಕೇಳಿ, ಯಾರೂ ತಮ್ಮದೆನ್ನದಿದ್ದಾಗ, ಮೆತ್ತಗೆ ಜನರನ್ನು ಮುಂಬದಿಯ ಮೆಟ್ಟಿಲ ಕಡೆಗೆ ಕಳಿಸತೊಡಗಿದ್ದ. ಅಷ್ಟರಲ್ಲಿ ಯಾರೋ “ಬಾಂಬು!” ಎಂದು ಕೂಗಿದರು. ಚಿತ್ರಮಂದಿರದಿಂದ ಹೊರಬಂದ ಜನ ತಲೆಯ ಮೇಲೆ ಹಸಿರು ದೀಪದಲ್ಲಿ ಹೊಳೆಯುತ್ತಿದ್ದ ‘ತುರ್ತು ನಿರ್ಗಮನ’ ನೋಡಿ ಅತ್ತ ನುಗ್ಗಿದರು. ಮೊಬೈಲ್ ಕವರಿನ ಅಂಗಡಿ ಮಗುಚಿತು. ಬಾಗಿಲು ತಳ್ಳಿದರು. ಸರಪಳಿ ಒಂದು ಗೇಣು ಸಡಿಲಗೊಂಡು ಅಲ್ಲೇ ನಿಂತಿತು. ಹಿಂದಿನವರು ಒತ್ತಿದರು, ಮುಂದಿನವರು ಬಿದ್ದರು. ಅಲ್ಲಿದ್ದ ಗಾರ್ಡುಗಳಿಗೆ ಬೀಗದ ಕೈ ಯಾರ ಬಳಿ ಇದೆ ಎಂಬುದೇ ಗೊತ್ತಿರಲಿಲ್ಲ. ಲಂಬು ಅಷ್ಟೆತ್ತರದ ಆಳು, ತಲೆಗಳ ಮೇಲಿಂದ ಕೈಬೀಸಿ ಕೂಗಿ ಜನರನ್ನು ಹಿಂದಕ್ಕೆ ತಿರುಗಿಸದಿದ್ದರೆ ಇನ್ನೂ ಏನೇನು ಆಗುತ್ತಿತ್ತೋ.

ಮರುದಿನ ಬೆಳಿಗ್ಗೆ ಲಂಬುವಿನ ಕೆಲಸ ಹೋಯಿತು.

ಮೇಡಂ ಮ್ಯಾನೇಜರನ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದರು. ಏಜೆನ್ಸಿಯ ಮಾಲೀಕನೂ ಅಲ್ಲೇ ಸೋಫಾದ ತುದಿಯಲ್ಲಿ ಕೂತಿದ್ದ.

“ಅವನನ್ನ ಯಾಕೆ ತೆಗೆದ್ರಿ?”

“ಕತ್ತರಿ ನೋಡಿ ಇಡೀ ಮಾಲ್ ಖಾಲಿ ಮಾಡಿಸಿದ್ದಕ್ಕೆ,” ಎಂದ ಮ್ಯಾನೇಜರ್. “ಭಾನುವಾರದ ವ್ಯಾಪಾರ ಪೂರಾ ಹೋಯ್ತು. ಒಬ್ಬರ ಕೈ ಮುರೀತು. ಜನ ವಿಡಿಯೋ ಹಾಕಿ ನಗ್ತಿದ್ದಾರೆ.”

“ಕತ್ತರಿ ಅಂತ ಗೊತ್ತಾಗಿದ್ದು ತೆರೆದು ನೋಡಿದ ಮೇಲೆ. ಅದಕ್ಕೂ ಮುಂಚೆ ನಿಮಗೆ ಗೊತ್ತಿತ್ತಾ?”

“ಏನೂ ಇರ್ಲಿಲ್ವಲ್ಲ ಮೇಡಂ,” ಎಂದು ಏಜೆನ್ಸಿಯವನು ರಾಗ ಎಳೆದ.

“ಇದ್ದಿದ್ರೆ?”

“ಇರ್ಲಿಲ್ವಲ್ಲ.”

“ಅಲ್ರೀ, ಇದ್ದಿದ್ರೆ?”

“ಇರ್ಲಿಲ್ವಲ್ಲ ಮೇಡಂ.”

ಗೋಡೆಗೆ ತಲೆ ಚಚ್ಚಿದರೆ ಗೋಡೆಗಾದರೂ ಒಂದು ಗುರುತು ಉಳಿಯುತ್ತಿತ್ತು. ಕೈ ಮುರಿದದ್ದು ಚೀಲದಿಂದಲ್ಲ, ಸರಪಳಿಯಿಂದ ಎಂದರೆ ಮ್ಯಾನೇಜರ್ ಫೋನು ನೋಡತೊಡಗಿದ. ಸರಪಳಿಯ ವಿಷಯ ನಾನು ಮೊದಲೇ ಹೇಳಿದ್ದೆ ಎಂದರೆ, “ಹೇಳಿಯೂ ಸರ್ಟಿಫಿಕೇಟಿಗೆ ಸಹಿ ಹಾಕಿದ್ದೀರಲ್ಲ ಮೇಡಂ,” ಎಂದು ಬಹಳ ಮರ್ಯಾದೆಯಿಂದ ಹೇಳಿದ. ಮೇಡಂ ತಿರುಗಿ ನಡೆದರು. ಹೊರಗೆ ಬರುವಾಗ ಗೇಟಿನ ಗಾರ್ಡುಗಳು ಕಣ್ಣು ತಪ್ಪಿಸಿದರು. ಅವರಲ್ಲೇ ಯಾರೋ ಆಗಲೇ ಲಂಬುವಿಗೆ ‘ಕತ್ತರಿ ಬಾಂಬು’ ಎಂದು ಹೆಸರಿಟ್ಟಾಗಿತ್ತು.

ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು. ಗಂಡ ಕನ್ನಡಕ ಒರೆಸುತ್ತಾ, “ನೀನಾದ್ರೂ ಏನ್ ಮಾಡೋಕಾಗ್ತಿತ್ತು ಬಿಡು,” ಎಂದರು.

“ಸಹಿ ಹಾಕ್ದೇ ಇರಬಹುದಿತ್ತು ರೀ.”

“ಹಾಗೆ ಕೊರಗ್ತಾ ಕೂತ್ರೆ ಆ ಹೆಂಗಸಿನ ಕೈ ಸರಿಹೋಗುತ್ತಾ?” ಎಂದು ಅತ್ತೆ ಗದರಿದರು. “ಹೋಗಿ ನೋಡ್ಕೊಂಡು ಬಾ. ಬೈದ್ರೆ ಬೈಸ್ಕೊಂಡು ಬಾ.”

ಆ ಹೆಂಗಸು ಒಂದು ಇಕ್ಕಟ್ಟಾದ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು, ಅಕ್ಕಪಕ್ಕದವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಬಲಗೈಗೆ ಬೆರಳ ಬುಡದವರೆಗೆ ಪ್ಲಾಸ್ಟರ್. ಅರ್ಧ ಹೊಲಿದ ರವಿಕೆಗಳ ರಾಶಿಯ ನಡುವೆ ಕೂತು ಎಡಗೈಯಲ್ಲಿ ಗುಂಡಿ ಹೊಲಿಯಲು ಹೆಣಗುತ್ತಿದ್ದಳು. ಮೇಡಂ ತಾವು ಯಾರೆಂದು ಹೇಳಿದರು, ಆ ಗಾರ್ಡಿಗೆ ಕಲಿಸಿದವಳು ನಾನೇ ಎಂದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತರು.

“ಆ ಉದ್ದನೆಯವನಿಗಾ?” ಎಂದಳು ಟೈಲರಮ್ಮ. “ನನ್ನನ್ನ ಕಾಲಡಿಯಿಂದ ಎತ್ತಿದ್ದೇ ಅವನು. ಈಗ ಎಲ್ಲಿದ್ದಾನೆ?”

“ಕೆಲಸದಿಂದ ತೆಗೆದ್ರು.”

“ಯಾಕೆ?”

“ನಿಮ್ ಕೈ ಮುರೀತು ಅಂತಾನೂ ಒಂದು ಕಾರಣ ಹೇಳಿದ್ರು.”

ಟೈಲರಮ್ಮ ಸೂಜಿ ಬದಿಗಿಟ್ಟಳು. ಮುಖ ಕೆಂಪಾಯಿತು. “ನನ್ ಕೈ ಮುರಿದಿದ್ದು ಬಾಗಿಲು ತೆಗೀಲಿಲ್ಲ ಅಂತ. ಮೇಲೆ ದೀಪ ಹಾಕಿ ಬನ್ನಿ ಅಂತಾರೆ, ಬಂದ್ರೆ ಸರಪಳಿ! ಅಲ್ಲ ಮೇಡಂ, ಅವನಿಗೆ ಹೊರಗೆ ಹೋಗಿ ಅಂತ ಕೂಗೋಕೆ ಕಲಿಸಿದ್ರಿ. ಎಲ್ಲಿಂದ ಹೋಗ್ಬೇಕು ಅಂತ ಯಾಕೆ ಕಲಿಸ್ಲಿಲ್ಲ?”

ಮ್ಯಾನೇಜರನ ಮಾತಿಗಿಂತ ಇದು ಹೆಚ್ಚು ಚುಚ್ಚಿತು. “ಕಲಿಸೋಕೆ ಬಿಡ್ಲಿಲ್ಲ ಅಮ್ಮ,” ಎನ್ನಲು ಬಾಯಿ ತೆರೆದರು, ಆದರೆ ಅದು ಪೂರ್ತಿ ನಿಜವಲ್ಲ ಅನ್ನಿಸಿ, “ಬಿಡ್ಲಿಲ್ಲ ಅಂದಾಗ ನಾನು ಸುಮ್ನಾದೆ,” ಎಂದರು.

“ಈಗ್ಲೂ ಸುಮ್ನೇ ಇರ್ತೀರಾ?”

ಇಬ್ಬರೂ ಸೇರಿ ಅಗ್ನಿಶಾಮಕ ಠಾಣೆಗೆ ಹೋದರು. ಅಲ್ಲಿಯ ಅಧಿಕಾರಿ ಮೊದಲ ದಿನ ಸಿಗಲಿಲ್ಲ. ಮತ್ತೆ ಹೋದಾಗ ಸಿಕ್ಕಿದ, ಆದರೆ ಮಾಲ್ ಇರುವ ಬೀದಿ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದ. ವ್ಯಾಪ್ತಿಗೆ ಬರುವ ಠಾಣೆಗೆ ಹೋದರೆ ಅಲ್ಲಿಯವನು ತರಬೇತಿಗೆ ಹೋಗಿದ್ದ. “ಯಾರು ಕೊಡ್ತಾರಂತೆ ಇವನಿಗೆ ತರಬೇತಿ?” ಎಂದು ಟೈಲರಮ್ಮ ಕೇಳಿದಾಗ ಮೇಡಂ ಎಷ್ಟೋ ದಿನಗಳ ಮೇಲೆ ನಕ್ಕರು. ಕೊನೆಗೆ ಒಬ್ಬ ಅಧಿಕಾರಿ ತಪಾಸಣೆಗೆ ಬಂದ. ಬರುವ ಸುದ್ದಿ ಅವನಿಗಿಂತ ಮೊದಲೇ ಮಾಲ್ ತಲುಪಿತ್ತು. ಸರಪಳಿ ಮಾಯ, ಅಂಗಡಿ ಮಾಯ, ನೆಲ ಫಳಫಳ. ಅಧಿಕಾರಿ ಬಾಗಿಲು ತಳ್ಳಿ, ತೆರೆದದ್ದನ್ನು ನೋಡಿ, ಕಾಫಿ ಕುಡಿದು ಹೋದ. ನಾಲ್ಕನೇ ದಿನ ಸರಪಳಿಯೂ ಅಂಗಡಿಯೂ ಸ್ವಸ್ಥಾನಕ್ಕೆ ಮರಳಿದ್ದವು.

ಮೇಡಂ ಸಿಟ್ಟಿಗೆ ಊಟ ಬಿಟ್ಟರು. ಟೈಲರಮ್ಮ ಊಟ ಬಿಡುವ ಪೈಕಿಯಲ್ಲ. ಅವಳು ಮುಂದಿನ ಭಾನುವಾರ ನೇರವಾಗಿ ಮೊಬೈಲ್ ಕವರಿನ ಅಂಗಡಿಯವನ ಮುಂದೆ ನಿಂತು, ಪ್ಲಾಸ್ಟರಿನ ಕೈಯನ್ನು ಅವನ ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟು, “ಇದು ನಿನ್ ಅಂಗಡಿ ಮುಂದೆ ಮುರಿದ ಕೈ ಕಣಪ್ಪ,” ಎಂದು ಬಂದ ಗಿರಾಕಿಗಳಿಗೆಲ್ಲ ಕೇಳುವಂತೆ ಕತೆ ಹೇಳಿದಳು. ಅದರ ಮುಂದಿನ ಭಾನುವಾರವೂ ಹೋದಳು. ಆಗ ಮೇಡಂ ಅತ್ತೆಯೂ ಜೊತೆಗಿದ್ದರು, ಕೂರಲು ಮನೆಯಿಂದಲೇ ಮಡಚುವ ಕುರ್ಚಿ ತಂದಿದ್ದರು. ಕವರಿನವನು ತಾನೇ ಮ್ಯಾನೇಜರನ ಬಳಿ ಹೋಗಿ ಬೇರೆ ಜಾಗ ಕೇಳಿದ. ಅಂಗಡಿ ಲಿಫ್ಟಿನ ಪಕ್ಕಕ್ಕೆ ಹೋಯಿತು. ಬಾಗಿಲು ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಸರಪಳಿಯನ್ನೂ ತೆಗೆಯಬೇಕಾಯಿತು.

ಬಾಗಿಲು ತೆರೆಯಿತು, ಆದರೆ ಲಂಬುವನ್ನು ವಾಪಸ್ಸು ಕರೆಯಲಿಲ್ಲ. ಮೇಡಂ ಕಾಂಟ್ರಾಕ್ಟೂ ಹೋಯಿತು. ಹೊಸ ಗಾರ್ಡುಗಳಿಗೆ ಈಗ ಫೋನಿನಲ್ಲಿ ಒಂದು ವಿಡಿಯೋ ಕಳಿಸುತ್ತಾರಂತೆ, ನೋಡಿದೆ ಎಂದು ಹೆಬ್ಬೆರಳು ಒತ್ತಿದರೆ ತರಬೇತಿ ಮುಗಿಯಿತು.

ಲಂಬುವಿಗೆ ಮೇಡಂ ಒಂದು ಆಸ್ಪತ್ರೆಯ ಗೇಟಿನಲ್ಲಿ ಕೆಲಸ ಕೊಡಿಸಿದರು. ಒಂದು ದಿನ ನೋಡಲು ಹೋದಾಗ ಅವನು ಆಂಬುಲೆನ್ಸಿಗೆ ದಾರಿ ಬಿಡಿಸುತ್ತಿದ್ದ. ಇಲ್ಲಿಯ ಪ್ಯಾಂಟು ಕೂಡ ಕಣಕಾಲಿಗಿಂತ ಮೇಲಿತ್ತು. ತಂದೆಯ ಆರೋಗ್ಯ ಕೇಳಿದರು, ಮಕ್ಕಳ ಶಾಲೆ ಕೇಳಿದರು. ಅವನು ಎಲ್ಲದಕ್ಕೂ ಚುಟುಕಾಗಿ ಉತ್ತರ ಕೊಟ್ಟ.

“ಮೇಡಂ, ಒಂದು ಮಾತು. ನೀವು ಬೇಜಾರು ಮಾಡ್ಕೋಬಾರದು.”

“ಹೇಳಪ್ಪ.”

“ಮೊನ್ನೆ ಕಾಯೋ ಜಾಗದಲ್ಲಿ ಒಂದು ಚೀಲ ಬಿದ್ದಿತ್ತು. ಯಾರದೋ ಗೊತ್ತಿಲ್ಲ. ನಾನು ನೋಡ್ದೆ. ಕೂಗ್ಬೇಕು ಅನ್ನಿಸ್ತು, ಬಾಯೇ ಬರ್ಲಿಲ್ಲ. ಅಲ್ಲೇ ನಿಂತಿದ್ದೆ. ಆಮೇಲೆ ಒಬ್ಬ ಅಜ್ಜ ಬಂದು ತಗೊಂಡು ಹೋದ್ರು.” ಅವನು ನೆಲ ನೋಡುತ್ತಿದ್ದ. “ಕೂಗಿ, ಅದ್ರಲ್ಲಿ ಬರೀ ಬಟ್ಟೆ ಇದ್ದು, ಇದೂ ಹೋಗ್ಬಿಟ್ರೆ ಅಂತ ಹೆದರಿಕೆ ಆಯ್ತು ಮೇಡಂ. ಮುಂದಿನ ಸಲ ಕೂಗ್ತೀನೋ ಇಲ್ವೋ ನಂಗೇ ಗೊತ್ತಿಲ್ಲ.”

ಬಾಂಬ್ ದಳದಲ್ಲಿದ್ದಷ್ಟು ಕಾಲ ಮೇಡಂಗೆ ಇಂಥ ಅಸಹಾಯಕತೆ ಎಂದೂ ಕಾಡಿರಲಿಲ್ಲ. ಒಬ್ಬ ಒಳ್ಳೆಯ ಕಾವಲುಗಾರನನ್ನು ಯಾವ ಭಯೋತ್ಪಾದಕನೂ ಅಲ್ಲ, ಅವನಿಗೆ ಸಂಬಳ ಕೊಡುವವರೇ ಹಾಳು ಮಾಡಿದ್ದರು. ಕೂಗು ಎಂದು ಹೇಳುವ ನೈತಿಕ ಬಲ ತಮಗಿದೆಯೇ ಎಂದು ಅನುಮಾನ ಬಂತು. “ನಿನ್ನ ತಪ್ಪಲ್ಲ ಮಗ,” ಎಂದಷ್ಟೇ ಹೇಳಿ ಅವನ ಮೊಣಕೈ ತಟ್ಟಿ ಬಂದರು, ಹೆಗಲು ಎಟುಕುತ್ತಿರಲಿಲ್ಲ.

ಸ್ವಲ್ಪ ದಿನದಲ್ಲಿ ಒಂದು ದೊಡ್ಡ ಬಸ್ ನಿಲ್ದಾಣದ ಗಾರ್ಡುಗಳಿಗೆ ತರಬೇತಿ ಕೊಡಲು ಕರೆ ಬಂತು. ಅಲ್ಲಿಯ ಮೇಲ್ವಿಚಾರಕ ಒಂದು ಹಾಲ್ ಗುಡಿಸಿ, ಕುರ್ಚಿ ಹಾಕಿಸಿ, ನೀರಿನ ಬಾಟಲಿ ಇಟ್ಟು, “ಶುರು ಮಾಡಿ ಮೇಡಂ,” ಎಂದ. ಮೇಡಂ ಒಂದು ಕುರ್ಚಿಯ ಮೇಲೆ ಕೂತರು.

“ಶುರು ಮಾಡೋಕೆ ಮುಂಚೆ ನಿಮ್ಮಿಂದ ಎರಡು ಮಾತು ಬೇಕು ಸಾರ್. ಇವರಲ್ಲಿ ಯಾರೇ ಒಂದು ಚೀಲ ನೋಡಿ ಜನರನ್ನ ಹೊರಗೆ ಕಳಿಸಿ, ಅದ್ರಲ್ಲಿ ಹಳೇ ಚಪ್ಪಲಿ ಸಿಕ್ರೂ, ಅವನ ಕೆಲಸ ಹೋಗಲ್ಲ ಅಂತ ಇವರ ಮುಂದೆ ಹೇಳ್ಬೇಕು. ಆಮೇಲೆ ನಮ್ ಜೊತೆ ನೀವೂ ಎಲ್ಲಾ ದಾರಿ ನಡೆದು ನೋಡ್ಬೇಕು.”

“ಅದೆಲ್ಲ ಮೇಲಿನವರನ್ನ ಕೇಳ್ಬೇಕು ಮೇಡಂ.”

“ಕೇಳ್ಕೊಂಡು ಬನ್ನಿ. ನಾನು ಕೂತಿರ್ತೀನಿ.”

ಅಂದು ಪಾಠ ನಡೆಯಲಿಲ್ಲ. ಗಾರ್ಡುಗಳು ಟೀ ಕುಡಿದು ಹೋದರು. ಮರುದಿನವೂ ನಡೆಯಲಿಲ್ಲ. ಇವರಿಗೆ ತಲೆ ಕೆಟ್ಟಿದೆ ಎಂದು ಮೇಲ್ವಿಚಾರಕ ಅವರ ಸರಿಯಿದ್ದ ಬಲಗಿವಿಯ ಕಡೆ ನಿಂತೇ ಯಾರಿಗೋ ಹೇಳಿದ್ದು ಮೇಡಂಗೆ ಸ್ಪಷ್ಟವಾಗಿ ಕೇಳಿಸಿತು. ಕೂತೇ ಇದ್ದರು. ಆ ವಾರದ ಕೊನೆಗೆ ಅವನು ಬೇಸತ್ತು ಗಾರ್ಡುಗಳ ಮುಂದೆ ಬಂದು ನಿಂತು, “ಆಯ್ತು ಕಣ್ರಯ್ಯ, ಕೂಗಿದ್ದಕ್ಕೆ ಯಾರನ್ನೂ ತೆಗಿಯಲ್ಲ, ನನ್ ಮಾತು,” ಎಂದ. ಬರೀ ಬಾಯಿಮಾತು. ಅದಕ್ಕೆ ಎಷ್ಟು ಬೆಲೆ ಎಂದು ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಅನುಮಾನವಿತ್ತು, ಮೇಡಂಗಂತೂ ಎಲ್ಲರಿಗಿಂತ ಹೆಚ್ಚು. ಆದರೂ ಅವರು ಕುರ್ಚಿಯಿಂದ ಎದ್ದರು.

ಎಲ್ಲರೂ ಸಾಲಾಗಿ ಹಿಂಬದಿಯ ಮೆಟ್ಟಿಲಿಗೆ ಹೊರಟರು. ಮೇಲ್ವಿಚಾರಕ ಮಂಡಿ ಹಿಡಿದುಕೊಂಡು ಗೊಣಗುತ್ತಾ ನಡುವೆ ಇಳಿಯುತ್ತಿದ್ದ. ಕೆಳಗಿನ ಬಾಗಿಲ ಮುಂದೆ ಯಾರೋ ಮುರಿದ ಬೆಂಚುಗಳನ್ನು ಒಟ್ಟಿದ್ದರು. ಮೇಡಂ ಅವನ ಮುಖ ನೋಡಿದರು. ಅವನು ಬೆಂಚುಗಳನ್ನು ನೋಡಿ, ಮೇಡಂ ಅವರನ್ನು ನೋಡಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು, “ಹಿಡೀರೋ ಒಂದ್ ಕಡೆ,” ಎಂದು ತಾನೇ ಬೆಂಚಿನ ಕಾಲಿಗೆ ಕೈ ಹಾಕಿದ.